ಜಮಖಾನೆ ಹಾಸಿದವಳಿಗೆ ಸ್ವಾಗತದ ಹಾಡು

ಸಮೀರವಾಡಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಬನಹಟ್ಟಿಯ ಚರ್ಚಿಗೆ ಮೊದಲ ಸಲ ಬಂದಳು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಸಾಹೇಬನಂತೆ. ಪಾಸ್ಟರ್ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿ ಸ್ವಾಗತದ ಹಾಡು ಹಾಡಿದರು, ಪಾಸ್ಟರ್ ಹೆಂಡತಿ ಗುಲಾಬಿ ಕೊಟ್ಟಳು. ಆರಾಧನೆ ಮುಗಿದ ಮೇಲೆ ಹೊರಗೆ ಕುರ್ಚಿ ಹಾಕಿ ಚಹಾ ಕೊಟ್ಟರು. ಹೊಸಬರಿಗೆಲ್ಲ ಹೀಗೇ ಮಾಡುತ್ತಾರೆ. ನನ್ನ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಹನ್ನೊಂದು ವರ್ಷದ ಹಿಂದೆ ನಾನೂ ಹೊಸಬಳಾಗಿಯೇ ಬಂದಿದ್ದೆ. ಮನೆಯಲ್ಲಿ ಕೂತು ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು, ಸೀರೆಗೆಲ್ಲ ನೂಲಿನ ಎಳೆ ಅಂಟಿತ್ತು. ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನನ್ನು ಕಸ ಹೊಡೆಯಲು ಬಂದವಳೆಂದು ತಿಳಿದು, ಸುತ್ತಿಟ್ಟ ಜಮಖಾನೆ ಕೈಗೆ ಕೊಟ್ಟರು. ದೊಡ್ಡವರು ಕೊಟ್ಟಾಗ ಬೇಡ ಅನ್ನಲು ಬಾಯಿ ಬರಲಿಲ್ಲ. ಹಾಸಿದೆ. ಚಪ್ಪಲಿ ಬಿಡುವ ಜಾಗದ ಹತ್ತಿರ ಕುಳಿತೆ. ಅಂದು ನನ್ನನ್ನು ಯಾರೂ ಎಬ್ಬಿಸಿ ನಿಲ್ಲಿಸಿ ಸ್ವಾಗತಿಸಲಿಲ್ಲ. ಮುಂದಿನ ವಾರವೂ ಹಾಸಿದೆ, ಅದೇ ರೂಢಿಯಾಯಿತು. ಆ ಹಿರಿಯರು ತೀರಿಕೊಂಡರು, ಪಾಸ್ಟರ್ ಬದಲಾದರು, ಜಮಖಾನೆ ನನ್ನ ಪಾಲಿಗೇ ಉಳಿಯಿತು.

ಸಮೀರವಾಡಿಯವಳು ಬಂದುಹೋದ ಮೇಲೆ ವಾರವಿಡೀ ಆ ಗುಲಾಬಿಯೇ ಕಣ್ಣ ಮುಂದೆ ಇತ್ತು. ಮುಂದಿನ ರವಿವಾರ ಪಾಸ್ಟರ್ ಎಂದಿನಂತೆ, ಮೊದಲ ಸಲ ಬಂದವರು ಇದ್ದರೆ ನಿಲ್ಲಬೇಕು ಅಂದರು. ಗಲಗಲಿಯ ಗಂಡ ಹೆಂಡತಿ ನಿಂತರು. ನಾನೂ ನೆಲಕ್ಕೆ ಕೈಯೂರಿ ಎದ್ದು ನಿಂತೆ.

ಪಾಸ್ಟರ್ ನಕ್ಕರು. "ಆಯಿ, ನೀವು ಕುಂದರ್ರಿ. ಹೊಸಬರಿಗೆ ಅಂದೆ."

ಹಿಂದಿನಿಂದ ಒಬ್ಬಳು ಅಂದಳು: "ಮುದುಕಿಗೆ ಹೂವ ಬೇಕಾಗೇತಿ ನೋಡ್ರಿ."

"ಹೌದು, ಬೇಕಾಗೇತಿ," ಅಂದೆ. "ನಾನೂ ಪ್ರಾರ್ಥನಾಕ್ಕ ಬಂದಾಕಿ. ಬಂದ ದಿನಾನ ಕೈಯಾಗ ಜಮಖಾನಿ ಕೊಟ್ರಿ. ನಿಂದರು ಅಂತ ಇವತ್ತಿನ ತನಕ ಯಾರೂ ಅಂದಿಲ್ಲ."

ನಗು ನಿಂತಿತು. ಪಾಸ್ಟರ್ ತಾವೇ ಹಾಡು ಎತ್ತಿಕೊಂಡರು. ಉಳಿದವರು ಒಬ್ಬೊಬ್ಬರಾಗಿ ಸೇರಿದರು. ತಂದಿದ್ದ ಹೂವು ಗಲಗಲಿಯವರಿಗೇ ಮುಗಿಯಿತು. ಈ ವಾರವೂ ಬಂದಿದ್ದ ಸಮೀರವಾಡಿಯವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅದೂ ನನಗೆ ಸೇರಲಿಲ್ಲ.

ಆರಾಧನೆ ಮುಗಿಯಿತು. ನಾನು ಅಭ್ಯಾಸದಂತೆ ಬಗ್ಗಿ ಜಮಖಾನೆಯ ಅಂಚು ಹಿಡಿದೆ. ಗಲಗಲಿಯ ಹೆಣ್ಣುಮಗಳು ಇನ್ನೊಂದು ತುದಿ ಹಿಡಿಯಲು ಬಂದಳು.

"ಬಿಡವಾ," ಅಂದೆ. "ಹೊಸಬರಿಗೆ ಇಲ್ಲಿ ಕೆಲಸ ಹಚ್ಚೂದಿಲ್ಲ."

ಅಂದ ಮೇಲೆ ನನಗೇ ಹೊಳೆಯಿತು, ಇವತ್ತು ನಾನೂ ಹೊಸಬಳೇ. ಹಿಡಿದ ಅಂಚನ್ನು ಅಲ್ಲೇ ಬಿಟ್ಟು, ಅವಳ ಜೊತೆ ಹೊರಗೆ ಹೋಗಿ ಕುರ್ಚಿಯ ಮೇಲೆ ಕುಳಿತೆ. ಚಹಾ ಬಂತು, ಕುಡಿದೆ. ಒಳಗೆ ಜಮಖಾನೆ ಯಾರು ಸುತ್ತಿದರೋ, ತಿರುಗಿ ನೋಡಲಿಲ್ಲ.