ಸುಶ್ಮಿತಾ ನೋಡಿದ ಹಾಡುಗಳು

ವಾಡಿಯ ರೈಲು ಹಳಿಗೆ ಹತ್ತಿದ ಓಣಿಯಲ್ಲಿ ಸುಶ್ಮಿತಾಳ ಮನೆ. ಯಾವ ಹೊತ್ತಿಗೆ ಹೋದರೂ ಅಲ್ಲಿ ಒಬ್ಬ ಗಂಡಸು ಮಲಗಿರುತ್ತಾನೆ. ಮಾವ ಕಾಶಪ್ಪ ಶಹಾಬಾದಿನ ಕಲ್ಲು ಪಾಲಿಶ್ ಅಂಗಳದಲ್ಲಿ ರಾತ್ರಿ ಕಾವಲುಗಾರ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗುತ್ತಾನೆ. ಗಂಡ ಅಣವೀರ, ಮೈದುನ ಅಜಯಕುಮಾರ ಸಿಮೆಂಟ್ ಕಾರ್ಖಾನೆಯವರು. ಅವರ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ಮೂವರಿಗೂ ಮೂರು ಹೊತ್ತಿನಲ್ಲಿ ಬಿಸಿ ರೊಟ್ಟಿ ಬೇಕು. ಮುಧೋಳದ ತವರಿನಲ್ಲಿ ಓಣಿಗೆಲ್ಲ ಕೇಳುವಂತೆ ರೊಟ್ಟಿ ಬಡಿಯುತ್ತಿದ್ದವಳು ಇಲ್ಲಿ ಲಟ್ಟಿಸುವುದನ್ನು ಕಲಿತಳು. ಲಟ್ಟಿಸಿದರೆ ಸಪ್ಪಳವಾಗುವುದಿಲ್ಲ.

ಹಳಿಯ ಮೇಲೆ ಗೂಡ್ಸ್ ಗಾಡಿ ಹೋದರೆ ಮನೆಯ ತಗಡು ನಡುಗುತ್ತದೆ. ಆಗ ಯಾರಿಗೂ ಎಚ್ಚರವಾಗುವುದಿಲ್ಲ. ಸುಶ್ಮಿತಾಳ ಕೈಯಿಂದ ಚಮಚ ಜಾರಿದರೆ ಆಗುತ್ತದೆ.

ಆಕೆ ಅಂಚೆ ಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು. ಮುಗಿಸಿದರೆ ಜೂನಿನಿಂದ ಬಾ ಎಂದು ಚಿತ್ತಾಪುರದ ಒಂದು ಖಾಸಗಿ ಶಾಲೆಯವರು ಹೇಳಿದ್ದರು. ದಿನಕ್ಕೆ ಏಳು ತಾಸು ಈ ಮನೆಯ ಹೊರಗೆ. ಉಳಿದದ್ದು ಒಂದೇ ಮೌಖಿಕ ಪರೀಕ್ಷೆ. ಹಳೆಯ ರಾಕ್ ಹಾಡುಗಳನ್ನೇ ಪೋಣಿಸಿ ಮಾಡಿದ ಒಂದು ಸಂಗೀತ ಚಿತ್ರ ನೋಡಿ, ಅದರ ಸಂಕೇತಗಳನ್ನು ಬಿಡಿಸಿ ಹೇಳಬೇಕು. ಹೋದ ವರ್ಷ ಅತ್ತೆ ಗುಂಡಮ್ಮನ ಮೊಣಕಾಲು ಆಪರೇಷನ್ನಿನಲ್ಲಿ ಇದೇ ಪರೀಕ್ಷೆ ತಪ್ಪಿತ್ತು. ಈ ಸಲವೂ ತಪ್ಪಿದರೆ ಹೆಸರೇ ರದ್ದು.

ಚಿತ್ರವನ್ನು ಆಕೆ ಹನ್ನೊಂದು ಕಂತಿನಲ್ಲಿ ಫೋನಿನಲ್ಲಿ ನೋಡಿದಳು, ದನಿ ಪೂರ್ತಿ ಆರಿಸಿ. ಇಯರ್‌ಫೋನ್ ಹಾಕಿಕೊಂಡಿದ್ದ ದಿನ ಅತ್ತೆ ಕೂಗಿದ್ದು ಕೇಳದೆ ಹಾಲು ಉಕ್ಕಿತ್ತು. ಅಂದಿನಿಂದ ಅದು ಗುಂಡಮ್ಮನ ಎಲೆ-ಅಡಿಕೆ ಚೀಲದಲ್ಲಿದೆ.

"ಹಾಡು ನೋಡಿ ಎಂ.ಎ. ಮಾಡ್ತಾರೇನ? ಭಾಳ ಛಂದ ಅದ ಬಿಡು ನಿಮ್ಮ ಸಾಲಿ!" ಎಂದಿದ್ದಳು ಗುಂಡಮ್ಮ.

ಮಂಗಳವಾರ ಹನ್ನೊಂದಕ್ಕೆ ಸುಶ್ಮಿತಾ ಬಚ್ಚಲಿನ ಬಾಗಿಲು ಹಾಕಿಕೊಂಡು ಕೊಡದ ಪಕ್ಕ ಕೂತಳು. ಫೋನಿನಲ್ಲಿ ಪರೀಕ್ಷಕ ಶಾಂತಕುಮಾರ ಸರ್ ಕಾಣಿಸಿದರು.

"ಚಿತ್ರದಾಗಿನ ಹಳದಿ ಮೆಟ್ಟಿಲು ಏನು ಸೂಚಿಸ್ತದ?"

"ಎಲ್ಲಾರೂ ಮ್ಯಾಲ ಏರೋ ಆಸೆ ಅಂತಾರ್ರಿ ಸರ್. ಖರೇ ಅಂದ್ರ, ನಾಯಕಿ ಏರಿದಾಗೆಲ್ಲ ಕೆಳಗೊಬ್ಬಾಕಿ ಒರಸ್ತಿರ್ತಾಳ. ಆಕಿ ಒಮ್ಮಿನೂ ಏರಂಗಿಲ್ರಿ."

ಸರ್ ಕನ್ನಡಕ ಸರಿಮಾಡಿಕೊಂಡರು. "ಕಡೀ ಹಾಡು?"

ಆ ಹಾಡಿನಲ್ಲಿ ಖಾಲಿ ಸಭಾಂಗಣ. ನಾಯಕಿ ಕಣ್ಣು ಮುಚ್ಚಿ, ಬಾಯಿ ಅಗಲ ತೆರೆದು ನಿಂತಿರುತ್ತಾಳೆ. ಹಿಂದೆ ಇಬ್ಬರು ಹೆಂಗಸರು ಕುರ್ಚಿ ಒಟ್ಟುತ್ತಿರುತ್ತಾರೆ.

"ಆಕಿ ಚೀರ್ಲಾಕತ್ಯಾಳ್ರಿ," ಎಂದಳು ಸುಶ್ಮಿತಾ. "ಯಾರೂ ತಿರುಗಿ ನೋಡಂಗಿಲ್ಲ."

"ಚೀರಾದಾ? ಅಮ್ಮಾ, ಅದು ಜೋಗುಳ! ಡ್ರಮ್ ಸುದ್ದಾ ನಿಂತುಬಿಡ್ತದ, ಆಕಿ ಪಿಸುದನೀಲೆ ಹಾಡ್ತಾಳ. ನೀವು ಕೇಳೇ ಇಲ್ಲೇನು?"

"ಇಲ್ರಿ ಸರ್," ಎಂದು ಆಕೆ ಪಿಸುಗುಟ್ಟಿದಳು.

"ಜರಾ ಜೋರ ಮಾತಾಡ್ರಿ."

"ಇದಕ್ಕಿಂತ ಜೋರ ಆಗಂಗಿಲ್ರಿ ಸರ್."

ನಾಲ್ಕು ಗಂಟೆಗೆ ಮತ್ತೆ ಕರೆಯುತ್ತೇನೆ, ಅಷ್ಟರಲ್ಲಿ ಆ ಒಂದು ಹಾಡು ಕೇಳಿರಿ, ಇಲ್ಲದಿದ್ದರೆ ಪಾಸು ಮಾಡಲಾರೆ ಎಂದರು ಸರ್.

ಸುಮಾರು ಐದು ತಾಸು ಕೈಯಲ್ಲಿತ್ತು, ಆದರೆ ಮಾವ ಮಲಗಿದ್ದ, ಬಚ್ಚಲಿನಲ್ಲಿ ಹಾಡು ಹಚ್ಚಿದರೂ ಹೊರಗೆ ಕೇಳುತ್ತದೆ. ಮೊದಲು ಅಜಯಕುಮಾರನ ಊಟ, ಡಬ್ಬಿ, ಆತ ಎರಡರ ಪಾಳಿಗೆ ಹೊರಟಿದ್ದ. ಎರಡೂಕಾಲಿಗೆ ಬೆಳಗಿನ ಪಾಳಿ ಮುಗಿಸಿ ಅಣವೀರ ಬಂದ.

"ಅತ್ತಿ, ಆ ಇಯರ್‌ಫೋನ್ ಐದು ನಿಮಿಷ ಕೊಡ್ರಿ. ನನ್ನ ಪರೀಕ್ಷಾ ಅದ."

"ಗಂಡ ಹಸದು ಕುಂತಾನ. ಮೊದಲ ನೀಡು. ಚೀಲ ಎಲ್ಲಿ ಓಡಿ ಹೋಗ್ತದ?"

ಆತ ಉಂಡು ಮಲಗಿದ. ಬಟ್ಟಲು ತಿಕ್ಕಿ ಏಳುವಷ್ಟರಲ್ಲಿ ಮೂರಕ್ಕೆ ನಳ ಬಂತು. ವಾರಕ್ಕೆರಡು ಸಲ ಬರುವ ನೀರು. ಎದ್ದು ಕೂತಿದ್ದ ಮಾವ ಪೇಪರಿನಿಂದ ತಲೆಯೆತ್ತಿ "ನೀರು ಬಂತು" ಎಂದ. ಆಕೆ ಹಂಡೆ, ಡ್ರಮ್ಮು, ಹದಿನಾಲ್ಕು ಕೊಡ ತುಂಬಿದಳು. ನಡುವೆ ಒಮ್ಮೆ ಗೂಡ್ಸ್ ಗಾಡಿ ಬಂದಾಗ ಫೋನಿನ ದನಿಯನ್ನು ಪೂರ್ತಿ ಏರಿಸಿ ಕಿವಿಗೆ ಒತ್ತಿಕೊಂಡಳು. ಗಾಡಿಯ ಸದ್ದೇ ಕೇಳಿತು. ಗಾಡಿ ದಾಟುತ್ತಿದ್ದಂತೆ ಬೆರಳು ತಾನಾಗಿ ದನಿ ಆರಿಸಿಬಿಟ್ಟಿತು.

ನಾಲ್ಕಕ್ಕೆ ಫೋನು ನಡುಗಿತು. ಮತ್ತೆ ಬಚ್ಚಲು.

"ಕೇಳಿದ್ರ್ಯಾ?"

"ಇಲ್ರಿ ಸರ್."

"ಒಂದು ಹಾಡು! ಮೂರು ನಿಮಿಷ!"

"ನೀರು ಬಂತ್ರಿ ಸರ್."

ಸರ್ ಏನೋ ಹೇಳಲು ಬಾಯಿ ತೆರೆದರು. ಸುಶ್ಮಿತಾ ಅವರಿಗಿಂತ ಮೊದಲು ಶುರುಮಾಡಿದಳು. "ನೀವು ಜೋಗುಳ ಅಂದ್ರೆಲ್ಲ, ಆವಾಗಿಂದ ಅದೇ ತಲ್ಯಾಗ ಅದ. ಜೋಗುಳ ಅಂದ್ರ ಯಾರೋ ಮಲಗ್ಯಾರ. ಹಿಂದಿನ ಇಬ್ಬರು ಹೆಂಗಸರು ಕುರ್ಚಿ ಎಳಿಯಂಗಿಲ್ರಿ ಸರ್. ಒಂದೊಂದೇ ಎತ್ತಿ, ತೊಡಿ ಮ್ಯಾಲ ಇಟ್ಟು, ಆಮ್ಯಾಲ ಕೆಳಗ ಇಡ್ತಾರ. ಎಳದ್ರ ಸಪ್ಪಳ ಆಗ್ತದ. ಅದನ್ನ ನಾ ಸರಿಯಾಗಿ ನೋಡೀನಿ. ನಾಯಕಿ ಬಾಯಿ ಅಷ್ಟು ಅಗಲ ತಗದು ಪಿಸುಗುಟ್ಟತಾಳಂದ್ರ ಆಕಿಗೂ ಹೆದರಿಕಿ ಅದ. ಪಾಠದ ಬುಕ್ಕಿನ್ಯಾಗ ಅದು ಬಿಡುಗಡೆ ಅಂತ ಬರದಾರ. ನಾ ಹಂಗ ಹೇಳಂಗಿಲ್ರಿ."

ಸರ್ ಮುಂದಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡರು.

"ಕುರ್ಚಿ ನಾ ನೋಡೇ ಇರ್ಲಿಲ್ಲ," ಎಂದರು ಅವರು ಕೊನೆಗೆ. "ಪಾಸ್ ಮಾಡೀನಿ ಹೋಗ್ರಿ."

ಸುಶ್ಮಿತಾ ಹೊರಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು ಅತ್ತೆಯ ಮುಂದೆ ನಿಂತಳು. "ಅತ್ತಿ, ಪಾಸಾದೆ. ಜೂನ್‌ದಾಗ ಚಿತ್ತಾಪುರ ಸಾಲಿಗಿ ಹೋಗ್ತೀನಿ."

ಗುಂಡಮ್ಮ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು. "ಎಷ್ಟಕ್ಕ ಹೋಗಾದು, ಎಷ್ಟಕ್ಕ ಬರಾದು?"

"ಒಂಬತ್ತಕ್ಕ ಹೋಗಿ ನಾಲ್ಕಕ್ಕ ಬರ್ತೀನ್ರಿ."

ಗುಂಡಮ್ಮ ಬೆರಳು ಮಡಚಿ, ಯಾರ ಊಟ ಯಾವಾಗ ಎಂದು ಲೆಕ್ಕ ಹಾಕಿದಳು. ಬೇಡ ಅನ್ನಲಿಲ್ಲ.

"ಹೋಗು ತಾಯಿ. ನಿನಗೂ ಒಂದು ಪಾಳಿ ಬಂತು ಅಂದಂಗಾಯ್ತು," ಎಂದಳು. "ನಸಕಿನ್ಯಾಗ ಎದ್ದು ಎಲ್ಲಾರದೂ ಮಾಡಿಟ್ಟು ಹೋಗು. ಬಂದ ಮ್ಯಾಲ ಇಲ್ಲಿ ಕೆಲಸ ಇದ್ದೇ ಅದ."

ಮಾವ ಆರಕ್ಕೆ ಶಹಾಬಾದಿಗೆ ಹೊರಡಬೇಕಿತ್ತು, ಒಳಗೆ ಅಣವೀರ ಮಲಗಿದ್ದ. ಸುಶ್ಮಿತಾ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಮೆಲ್ಲಗೆ ತಿರುವಿ ತೆಗೆದಳು.