ತಗಡಿನ ಮೇಲೆ ಬಿದ್ದ ಒಂದೇಟು

ಇದನ್ನ ಬರೀಬೇಕೋ ಬೇಡ್ವೋ ಅಂತ ಭಾಳ ದಿನ ಯೋಚ್ನೆ ಮಾಡ್ದೆ. ಯಾಕಂದ್ರೆ ಇಂಥ ಮಾತು ಬೇರೆ ಯಾರಾದ್ರೂ ಹೇಳಿದ್ರೆ ಮೊದ್ಲು ನಗ್ತಿದ್ದೋನು ನಾನೇ. ಚಿಕ್ಕೋನಿದ್ದಾಗ ಸ್ಕೂಲು ಬಿಟ್ಟು ಲಾರಿ ಕ್ಲೀನರ್ ಆದೆ, ಆಮೇಲೆ ಡ್ರೈವರ್ ಆದೆ, ಮದ್ವೆಯಾಗಿ ಮಕ್ಳಾದ್ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೆ. ತಡವಾಗಿ ಓದ್ದೋರಿಗೆ ಒಂದು ಚಟ ಇರ್ತದೆ, ಸಿಕ್ಕಿದೋರ್ಗೆಲ್ಲ ವಿಜ್ಞಾನ ಹೇಳೋದು. ದೆವ್ವ, ಗಾಳಿ, ದೃಷ್ಟಿ ಅಂದೋರ ಜೊತೆ ಮಧುಗಿರಿ ಟೀ ಅಂಗ್ಡೀಲಿ ಕೂತು ಜಗಳ ಆಡ್ತಿದ್ದೆ. ನನ್ನ ಲಾರಿಗೆ ನಿಂಬೆಹಣ್ಣು ಕಟ್ಟಿರ್ಲಿಲ್ಲ, ಈಗ್ಲೂ ಕಟ್ಟಿಲ್ಲ. ನಡೆದಿದ್ದನ್ನ ನಡೆದಂಗೇ ಬರೀತೀನಿ. ನಾನು ಟೈಪ್ ಮಾಡೋದು ನಿಧಾನ, ತಪ್ಪಿದ್ರೆ ಸರಿ ಮಾಡ್ಕೊಂಡು ಓದಿ.

ಬೇರೇರ ಗಾಡಿ ಓಡ್ಸಿ ಓಡ್ಸಿ ಸಾಕಾಗಿ, ನಂದೇ ಒಂದಿರ್ಲಿ ಅನ್ನೋ ಆಸೆ ಹತ್ತಿತ್ತು. ಕೊರಟಗೆರೆ ಕಡೆ ತೋವಿನಕೆರೇಲಿ ಗಂಗಣ್ಣ ಅಂತ ಹುಣಸೇಹಣ್ಣಿನ ವ್ಯಾಪಾರದೋರು. ಅವ್ರ ಕಣದ ಮೂಲೇಲಿ ಒಂದು ಹಳೇ ಸಣ್ಣ ಲಾರಿ ವರ್ಷಾನುಗಟ್ಲೆಯಿಂದ ನಿಂತಿತ್ತು. ಟೈರು ಮಣ್ಣಿಗೆ ಇಳ್ದೋಗಿದ್ವು. ಹಿಂದಿನ ಹಲಗೆ ಸಂದೀಲಿ ಒಂದು ಹುಣಸೆ ಗಿಡ ಮೊಣಕಾಲೆತ್ತರ ಬೆಳ್ದಿತ್ತು. ಗಂಗಣ್ಣನಿಗೆ ಮಂಡಿ ನೋವು ಬಂದು ಕ್ಲಚ್ ತುಳಿಯಾಕೆ ಆಗ್ದೆ ನಿಲ್ಸಿದ್ರಂತೆ. "ಗುಜ್ರಿಗೆ ಹಾಕೋಕೆ ಮನ್ಸು ಬರಲ್ಲ ಕಣಪ್ಪ. ಓಡ್ಸೋನಾದ್ರೆ ತಗೊಂಡೋಗು" ಅಂದ್ರು. ಅದ್ರ ಹಳೇ ಕ್ಲೀನರ್ ರಂಗನ ಮಾತೂ ಬಂತು. "ಅವ್ನು ಹಲಗೆಗೆ ಬಡೀತಿದ್ರೆ ಕಣ್ಣು ಮುಚ್ಕೊಂಡು ರಿವರ್ಸ್ ತಗೋಬೋದಿತ್ತು" ಅಂದ್ರು.

ಲಾರಿ ಕೆಲ್ಸ ಗೊತ್ತಿಲ್ದೋರಿಗೆ ಇದನ್ನ ಹೇಳ್ಬೇಕು. ಹಿಂದಕ್ಕೆ ತಗೊಳ್ಳೋವಾಗ ಕ್ಲೀನರ್ ಎಡಗಡೆ ನಿಂತು ಅಂಗೈಯಿಂದ ಲಾರಿ ಮೈಗೆ ಬಡೀತಾನೆ. ಎರಡೇಟು ಬಿದ್ರೆ ಹೋಗು ಅಂತ, ಒಂದೇಟು ಬಿದ್ರೆ ನಿಲ್ಲು ಅಂತ. ನಾನೂ ಅಂಗೆ ಬಡ್ದೋನೇ. ಆ ಒಂದೇಟಿಗೆ ಡ್ರೈವರ್ ಕಾಲು ತಾನಾಗೇ ಬ್ರೇಕಿಗೆ ಹೋಗ್ತದೆ, ಯೋಚ್ನೆ ಮಾಡೋದು ಆಮೇಲೆ.

ಲಾರೀನ ಸಿರಾಕ್ಕೆ ಎಳ್ಕೊಂಡೋಗಿ ಬಾಷಾ ಸಾಬ್ರ ಶೆಡ್ಡಲ್ಲಿ ನಿಲ್ಸಿದೆ. ಸಾಬ್ರು ಸೀಟು ಎತ್ತಿ ನೋಡಿ, "ಅರೆ, ಇದುನ್ನ ಗಾಡಿ ಅಂತ ತಂದ್ಯೋ, ಇಲಿ ಬೋನು ಅಂತ ತಂದ್ಯೋ" ಅಂದ್ರು. ಬಾಡಿಗೆ ಡ್ರೈವಿಂಗ್ ಇಲ್ದಿದ್ ದಿನ ನಾನೂ ಹೋಗಿ ಅವ್ರ ಜೊತೆ ಸ್ಪ್ಯಾನರ್ ಹಿಡೀತಿದ್ದೆ. ಇಂಜಿನ್ ಬಿಚ್ಚಿ ಕಟ್ಟಿದ್ವಿ. ಬ್ರೇಕಿನ ಪೈಪೆಲ್ಲ ಹೊಸ್ದು ಹಾಕಿದ್ವಿ. ರೇಡಿಯೇಟರ್‌ನಲ್ಲಿದ್ದ ಕೆಸ್ರು ತೆಗ್ದ್ವಿ. ಪಕ್ಕದ ಹಲಗೆ ಗೆದ್ಲು ತಿಂದಿತ್ತು, ಅವನ್ನ ಕಿತ್ತು ತಗಡು ಹೊಡ್ಸಿ ನೀಲಿ ಬಣ್ಣ ಬಳ್ದ್ವಿ. ಮೊದ್ಲ ಸಲ ಸೆಲ್ಫ್ ಹೊಡ್ದಾಗ ಕರೀ ಹೊಗೆ ಉಗುಳಿ ಇಂಜಿನ್ ನಿಂತ್ಕಂತು. ಎರಡನೇ ಸಲ ನಿಲ್ಲಲಿಲ್ಲ. ಸಾಬ್ರು ಕೈ ಒರೆಸ್ಕೊಂಡು ಟೀ ತರ್ಸಿದ್ರು. ಗಾಡಿ ರೋಡಿಗೆ ಇಳೀಬೋದು ಅನ್ನೋ ಎಫ್.ಸಿ.ನೂ ಆಯ್ತು. ಆಮೇಲೆ ಓಡ್ಸಕ್ಕೆ ಶುರು ಮಾಡಿದ್ಮೇಲೆ ಎಡಗಡೆ ಕನ್ನಡಿ ಅಲ್ಲಾಡಿ ಅಲ್ಲಾಡಿ ಬಿದ್ದೋಯ್ತು. ಹಾಕ್ಸಿದ್ರಾಯ್ತು ಅಂತ ಅಂಗೇ ಓಡಿಸ್ತಿದ್ದೆ.

ಎಫ್.ಸಿ. ಆದಾಗಿಂದ ದಿನಾ ಅದೇ ನನ್ನ ಗಾಡಿ, ಕ್ಲೀನರ್ ಇಲ್ದೆ ಒಬ್ನೇ ಓಡಿಸ್ತಿದ್ದೆ. ಪಾವಗಡದಲ್ಲಿ ಕುಡಿಯೋ ನೀರಿನ ಕ್ಯಾನ್ ತುಂಬ್ಕೊಂಡು ಕ್ಯಾತಗಾನಚೆರ್ಲು ಕಡೆ ಸೋಲಾರ್ ಪ್ಲೇಟಿನ ಜಾಗಕ್ಕೆ ಇಳ್ಸೋ ಕೆಲ್ಸ ಸಿಕ್ತು. ಅಲ್ಲಿ ಕಣ್ಣು ಹಾಯ್ಸಿದಷ್ಟೂ ಪ್ಲೇಟು. ಮರದ ನೆಳ್ಳು ಪ್ಲೇಟಿನ ಮೇಲೆ ಬೀಳ್ಬಾರ್ದಲ್ಲ, ಅದಕ್ಕೆ ಹತ್ರದಲ್ಲೆಲ್ಲೂ ಮರ ಇಲ್ಲ. ಪ್ಲೇಟಿನ ಕೆಳಗೆ ವೈರು ಐತೆ, ಅಲ್ಲಿ ಕೂರಂಗಿಲ್ಲ. ಹುಲ್ಲು ಕೊಯ್ಯೋ, ಪ್ಲೇಟು ತೊಳೆಯೋ ಹೆಂಗಸ್ರು ಮಧ್ಯಾಹ್ನ ನನ್ನ ಲಾರಿ ಪಕ್ಕದ ನೆಳ್ಳಲ್ಲೇ ಕೂತು ಉಣ್ತಿದ್ರು. ಅವ್ರಲ್ಲಿ ನರಸಮ್ಮ ಅಂತ ಒಬ್ರು. ಮೊದ್ಲು ಕುರಿ ಕಾಯ್ತಿದ್ದ ಮನೆಯೋರು, ಈಗ ಹೊಲ ಪ್ಲೇಟಿಗೆ ಕೊಟ್ಟು ಅದೇ ಹೊಲದ ಹುಲ್ಲು ಕೂಲಿಗೆ ಕೊಯ್ತಾರೆ. ಅರ್ಧ ತೆಲುಗು ಅರ್ಧ ಕನ್ನಡ. "ಏಮಣ್ಣಾ, ನೀನು ಬಂದ್ರೆ ನಮ್ಗೆ ಮರ ಬಂದಂಗೆ. ಒಂದು ನಿಂಬೆಹಣ್ಣು ಕಟ್ಟಯ್ಯಾ ಮರಕ್ಕೆ" ಅಂತ ರೇಗಿಸೋರು. ನಾನು ಅಲ್ಲೂ ವಿಜ್ಞಾನ ಹೇಳ್ದೆ. "ಸರಿ ಮೇಷ್ಟ್ರೇ, ನೆಳ್ಳು ಮಾತ್ರ ತಗೊಂಡೋಗ್ಬೇಡ" ಅಂದ್ರು. ಎಲ್ರೂ ನಕ್ರು.

ಅವತ್ತು ನೀರು ತಡ ಆಗಿತ್ತು. ಸೂಪರ್‌ವೈಜರ್ ಎಲ್ರ ಮುಂದೇನೇ ನನ್ನನ್ನ ಬೈದ. ಕ್ಯಾನ್ ಇಳ್ಸಿ, ಮುಖ ತೋರ್ಸಕ್ಕಾಗ್ದೆ ಲಾರಿ ಮುಂದ್ಗಡೆ ಹೋಗಿ ನಿಂತಿದ್ದೆ. ಊಟ ಮುಗೀತು ಅಂತ ಸೀಟಿ ಹೊಡುದ್ರು, ಹೆಂಗಸ್ರು ಎದ್ದೋದ್ರು. ಎಲ್ರೂ ಹೋದ್ರು ಅಂದ್ಕಂಡೆ. ದಿನಾ ಒಂದು ಸುತ್ತು ಹಾಕಿ ಗಾಡಿ ಕೆಳಗೆ ಬಗ್ಗಿ ನೋಡೋನು, ಅವತ್ತು ನೋಡ್ಲಿಲ್ಲ. ಹತ್ತಿ ಕೂತೆ, ಸೆಲ್ಫ್ ಹೊಡ್ದೆ, ರಿವರ್ಸ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ಜರುಗ್ತು.

ಆಗ ಎಡಗಡೆ ತಗಡಿನ ಮೇಲೆ ಒಂದೇಟು ಬಿತ್ತು. ಅಂಗೈಯಿಂದ ಬಡ್ದ ಏಟು. ಅದ್ರ ಅದುರು ನನ್ನ ಸೀಟಿಗೆ ಬಂತು. ಕಾಲು ಬ್ರೇಕಿಗೆ ಹೋಗಿಯಾಗಿತ್ತು. ಯಾರೋ ಆಟ ಆಡ್ತಾವ್ರೆ ಅಂತ ಸಿಟ್ಟು ಬಂದು, "ಯಾವೋನ್ಲಾ ಅದು" ಅಂತ ಕೂಗಿ ಇಳ್ದೆ. ಎಡಗಡೆ ಯಾರೂ ಇಲ್ಲ. ಹೆಂಗಸ್ರು ಅಷ್ಟು ದೂರ ಪ್ಲೇಟಿನ ಸಾಲಲ್ಲಿ ಬಗ್ಗಿದ್ರು. ತಗಡಿನ ಮೇಲೆ ಕೆಂಪು ಧೂಳು ಒಂದೇ ಸಮ ಕೂತಿತ್ತು, ಒಂದು ಬೆರಳಿನ ಗುರ್ತೂ ಇಲ್ಲ. ಆಮೇಲೆ ಬಗ್ಗಿ ನೋಡ್ದೆ.

ಹಿಂದಿನ ಚಕ್ರದ ಹಿಂದ್ಗಡೆ ನರಸಮ್ಮ ಮುಖಕ್ಕೆ ಟವಲ್ ಹಾಕ್ಕೊಂಡು ಮಲ್ಗಿದ್ರು. ಗಾಢ ನಿದ್ದೆ. ಸೆರಗು ಟೈರಿನ ಕೆಳಗೆ ಸಿಕ್ಕಾಕ್ಕೊಂಡಿತ್ತು. ಟೈರಿಗೂ ಕುತ್ತಿಗೆಗೂ ಒಂದು ಗೇಣು.

ಹೆಂಗಸ್ರ ಕಡೆ ಕೈ ಬೀಸಿ ಅಲ್ಲೇ ಕೂತ್ಬುಟ್ಟೆ. ಹೆಂಗಸ್ರು ಓಡ್ಬಂದ್ರು, ಅವ್ರ ಗಲಾಟೆಗೆ ಆಯಮ್ಮ ಎದ್ರು. ಜ್ವರ ಬಂದಂಗಿತ್ತು, ಒಂಚೂರು ಒರಗಿದ್ದೆ ಅಂದ್ರು. ಸೆರಗು ನೋಡಿ ಕುತ್ತಿಗೆ ಮುಟ್ಕೊಂಡ್ರು. ಯಾರೋ ಅಂದ್ರು, "ನೋಡ್ಕಂಡ್ ನಿಲ್ಸವ್ನೆ ಪುಣ್ಯಾತ್ಮ. ಕಣ್ಣು ಅಂದ್ರೆ ಇದಪ್ಪ ಕಣ್ಣು." ಬೈದಿದ್ದ ಸೂಪರ್‌ವೈಜರ್ರೇ ಬಂದು, ಡ್ರೈವರ್ ಅಂದ್ರೆ ಇಂಗಿರ್ಬೇಕು ಅಂತ ಬೆನ್ನು ತಟ್ಟಿದ. ನಾನು ಹೂಂ ಅಂದ್ಬುಟ್ಟೆ.

ಬಾಷಾ ಸಾಬ್ರಿಗೆ ಹೇಳ್ದೆ. ಬಿಸ್ಲಿಗೆ ತಗಡು ಉಬ್ಬಿ ಬಡೀತದೆ ಅಂದ್ರು. ಒಪ್ಕಂಡೆ. ಆಮೇಲೆ ಎಷ್ಟೋ ದಿನ ಬಿಸ್ಲಲ್ಲಿ ಗಾಡಿ ನಿಲ್ಸಿ ಕಿವಿ ಕೊಟ್ಟು ಕೂತೆ. ತಗಡು ಟಿಕ್ ಟಿಕ್ ಅಂತದೆ. ಕೈ ಬಡ್ದಂಗೆ ಒಂದು ಸಲಾನೂ ಅನ್ಲಿಲ್ಲ. ನಗ್ಬೇಡಿ, ಗಂಗಣ್ಣನ ಹತ್ರ ನಂಬರ್ ಇಸ್ಕೊಂಡು ಆ ಕ್ಲೀನರ್ ರಂಗನಿಗೂ ಫೋನ್ ಮಾಡ್ದೆ. ಸತ್ತಿರ್ಬೋದು ಅಂತ ಒಳಗೊಳಗೇ ಅನ್ಕೊಂಡಿದ್ದೆ. ವಿಜ್ಞಾನ ಹೇಳೋ ನಾನು. ಅವ್ನು ತುಮಕೂರಲ್ಲಿ ಟೆಂಪೋ ಓಡಿಸ್ಕೊಂಡು ಗಟ್ಟಿಮುಟ್ಟಾಗಿದ್ದ. ಎಲ್ಲ ಕೇಳಿ, "ನಾನಿನ್ನೂ ಸತ್ತಿಲ್ಲ ಕಣಯ್ಯ, ಆಮೇಲೆ ಬಂದು ಬಡೀತೀನಿ ಇರು" ಅಂತ ನಕ್ಕ.

ಏಟಿಗಿಂತ ಹೆಚ್ಚಾಗಿ ನನ್ನನ್ನ ತಿಂದಿದ್ದು ನರಸಮ್ಮನ ನಂಬ್ಕೆ. ಮಾರ್ನೇ ದಿನದಿಂದ ನಂಗೂ ಸೇರ್ಸಿ ರೊಟ್ಟಿ, ಕಡ್ಲೆಕಾಯಿ ಚಟ್ನಿ ತರೋರು. ಸೊಸೇನ ಕರ್ಕೊಂಬಂದು, "ಈ ಅಣ್ಣನೇ" ಅಂತ ತೋರಿಸಿದ್ರು. ಆ ಹುಡ್ಗಿ ಕಾಲಿಗೆ ಬೀಳಾಕೆ ಬಂದ್ಳು, ನಾನು ಹಿಂದಕ್ಕೆ ಸರ್ದೆ. ಅದಕ್ಕಿಂತ ಕಷ್ಟ ಆಗಿದ್ದು, ಆಯಮ್ಮ ಮತ್ತೆ ಲಾರಿ ಕೆಳಗೇ ಮಲಗಾಕೆ ಶುರು ಮಾಡಿದ್ದು. ಬೇಡ ಕಣಮ್ಮ ಅಂದ್ರೆ, "ನೀನು ನೋಡ್ತೀಯಲ್ಲಣ್ಣ" ಅನ್ನೋರು. ಅವ್ರನ್ನ ನೋಡಿ ಇನ್ನೂ ಇಬ್ರು ಮಲಗಾಕೆ ಬಂದ್ರು.

ಒಂದಿನ ತಡ್ಯಕ್ಕಾಗ್ದೆ ನಿಜ ಹೇಳ್ಬುಟ್ಟೆ. ಬೇರೆಯೋರು ಕೈ ತೊಳೆಯಾಕೆ ಹೋಗಿದ್ರು. ಆಯಮ್ಮ ಟಿಫನ್ ಬಾಕ್ಸ್ ಮುಚ್ಚಳ ಹಿಡ್ಕೊಂಡು ಕೇಳಿದ್ರು.

"ನೀನು ನೋಡ್ಲಿಲ್ವಾ?"

"ಇಲ್ಲಮ್ಮ. ಏಟು ಕೇಳಿ ನಿಲ್ಸಿದೆ."

"ಬಡ್ದೋರು ಯಾರು ಮತ್ತೆ?"

"ಗೊತ್ತಿಲ್ಲ."

ಬೈತಾರೆ ಅಂದ್ಕಂಡಿದ್ದೆ. ಬೈಲಿಲ್ಲ. ಚಕ್ರದ ಕಡೆ ಒಂದು ಸಲ ನೋಡಿದ್ರು. "ರೊಟ್ಟಿ ತಿನ್ನಣ್ಣ, ಆರೋಗ್ತದೆ" ಅಂದು ಎದ್ದೋದ್ರು.

ಈಗ ಲಾರಿ ಕೆಳಗೆ ಯಾರನ್ನೂ ಮಲ್ಗಕ್ಕೆ ಬಿಡಲ್ಲ, ಗದರಿಸ್ತೀನಿ. ಕನ್ನಡಿ ಹಾಕ್ಸಿದೀನಿ, ಎರಡು ಸುತ್ತು ಹಾಕ್ದೆ ಗಾಡಿ ಹತ್ತಲ್ಲ. ಆ ಏಟು ಮತ್ತೆ ಬಿದ್ದಿಲ್ಲ. ಅದೇನು, ಯಾರ್ದು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಟೀ ಅಂಗ್ಡೀಲಿ ದೆವ್ವ, ಗಾಳಿ ಮಾತು ಬಂದ್ರೆ ಸುಮ್ನೆ ಎದ್ದು ಬರ್ತೀನಿ.

ನರಸಮ್ಮ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಈಗ್ಲೂ ಅಣ್ಣ ಅಂತಾರೆ, ಈಗ್ಲೂ ರೊಟ್ಟಿ ತರ್ತಾರೆ. ಆದ್ರೆ ಉಣ್ಣೋವಾಗ ಪ್ಲೇಟಿನ ಸಾಲಿನ ಮಧ್ಯೆ ಉರಿ ಬಿಸ್ಲಲ್ಲಿ ತಲೆ ಮೇಲೆ ಸೆರಗು ಹಾಕ್ಕೊಂಡು ಒಬ್ರೇ ಕೂರ್ತಾರೆ. ಬಾರೇ ನೆಳ್ಳಿಗೆ ಅಂತ ಬೇರೆಯೋರು ಕೂಗ್ತಾರೆ. "ಇಲ್ಲೇ ಚೆನ್ನಾಗೈತೆ" ಅಂತಾರೆ. ನಾನು ಕ್ಯಾಬಿನ್ನಲ್ಲಿ ಕೂತು ರೊಟ್ಟಿ ಮುರ್ಕೊಂಡು, ಆ ಕಡೆ ನೋಡ್ದೆ ತಿಂತೀನಿ.