ಅತ್ತೆಯ ಜೋಳ ತಿಂದ ವಿಕಾಸವಾದಿ

ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜೀವವಿಕಾಸದ ಪಾಠ ಮಾಡುತ್ತಿರುವ ನಾನು ಅದನ್ನು ಕಲಿತದ್ದು ಮಾತ್ರ ಎರಡು ವರ್ಷದ ಹಿಂದೆ, ಅದೂ ಹೊಟ್ಟೆ ಬಿರಿಯುವಷ್ಟು ತಿಂದು ತೇಗಿದ ಮೇಲೆ. ನಾಚಿಕೆಗೇಡಿನ ಮಾತೇ ಸರಿ. ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನಿದೆ?

ಪಾಠವೇನೋ ನನಗೆ ಬಾಯಿಪಾಠ. ಜೀವಿಗಳೆಲ್ಲ ಮೊದಲಿನಿಂದ ಹೀಗೇ ಇವೆ ಎಂದು ಬಹುಮಂದಿ ಬಹುಕಾಲ ನಂಬಿದ್ದರು. ಆಮೇಲೆ ಫ್ರಾನ್ಸಿನ ಒಬ್ಬ ಪಂಡಿತ, ಇಲ್ಲ, ಅವು ಬದಲಾಗುತ್ತವೆ ಎಂದ. ಜಿರಾಫೆ ಎತ್ತರದ ಎಲೆಗೆ ಚಾಚಿ ಚಾಚಿ ಅದರ ಕತ್ತು ಉದ್ದವಾಯಿತು, ಆ ಉದ್ದ ಮರಿಗೂ ಬಂತು ಎಂದ. ಈ ಭಾಗ ಬಂದಾಗ ನಾನೂ ಕತ್ತು ಚಾಚಿ ತೋರಿಸುತ್ತೇನೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅವನ ನಂತರ ಇಂಗ್ಲೆಂಡಿನ ಗಡ್ಡದ ಸಾಹೇಬ. ಹಡಗು ಹತ್ತಿ ಲೋಕ ಸುತ್ತಿ ಬಂದವನು ಪಾರಿವಾಳ ಸಾಕುವವರ ಜೊತೆ ಕೂತು ಹರಟೆ ಹೊಡೆದ. ಅವರು ತಮಗೆ ಬೇಕಾದ ಹಕ್ಕಿಗಳನ್ನೇ ಆರಿಸಿ ಮರಿ ಮಾಡಿಸುವುದನ್ನು ಕಂಡ. ನಿಸರ್ಗವೂ ಹೀಗೇ ಆರಿಸುತ್ತದೆ ಎಂದು ಬರೆದ. ಬರೆದವನು ಪ್ರಕಟಿಸದೆ ವರ್ಷಗಟ್ಟಲೆ ಕೂತ. ಕೊನೆಗೆ ದೂರದ ದ್ವೀಪದಲ್ಲಿ ಜ್ವರದಿಂದ ಮಲಗಿದ್ದ ಇನ್ನೊಬ್ಬನಿಗೂ ಅದೇ ಹೊಳೆದು, ಅವನು ಇವನಿಗೇ ಪತ್ರ ಬರೆದಾಗ ಸಾಹೇಬ ಧಡಕ್ಕನೆ ಎದ್ದು ಕೂತ. ಉತ್ತರಪತ್ರಿಕೆ ತಿದ್ದುವುದರಲ್ಲಿ ನಾನೂ ಅದೇ ಜಾತಿ, ಹಾಗಾಗಿ ಅವನ ಮೇಲೆ ನನಗೆ ವಿಶೇಷ ಪ್ರೀತಿ.

ಇನ್ನು ಗಂಗತ್ತೆ. ನನ್ನ ತಂದೆಯ ತಂಗಿ, ಯಂಕಂಚಿಯವಳು. ತನ್ನ ಹೊಲದ ಅಂಚಿಗೆ ಪ್ರತಿವರ್ಷ ನಾಲ್ಕು ಸಾಲು ಸೀತನಿ ಜೋಳ ಬಿತ್ತುತ್ತಾಳೆ. ಕಾಳು ಇನ್ನೂ ಹಾಲುಹಾಲಾಗಿರುವಾಗ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಶೇಂಗಾ ಚಟ್ನಿ ಮೊಸರಿನ ಜೊತೆ ತಿನ್ನುವುದೇ ಸೀತನಿ. ಆ ಬೀಜ ನನ್ನಜ್ಜಿಯ ಕಾಲದ್ದು. ಊರಿಗೆ ಊರೇ ಅಂಗಡಿ ಬೀಜಕ್ಕೆ ತಿರುಗಿದ ಮೇಲೆ ಅದು ಉಳಿದದ್ದು ಅವಳ ನಾಲ್ಕು ಸಾಲಿನಲ್ಲಿ ಮಾತ್ರ.

ಎರಡು ವರ್ಷದ ಹಿಂದಿನ ಆ ಚಳಿಗಾಲದ ಒಂದು ಮಧ್ಯಾಹ್ನ ಮೂವರು ಮಾಸ್ತರರನ್ನು ಕಟ್ಟಿಕೊಂಡು ಹೊಲಕ್ಕೆ ಹೋದೆ. "ಬೇಕಾದಷ್ಟು ಕೊಯ್ಕೊಂಡು ಬೆಂಕಿ ಮಾಡ್ರಿ, ನಾ ಮೊಸರು ತರ್ತೇನಿ" ಎಂದು ಅತ್ತೆ ಮನೆ ಕಡೆ ಹೊರಟಳು. ಸಾಲಿನಲ್ಲಿ ಹನ್ನೆರಡು ದಂಟಿಗೆ ಹಳೆ ಇಳಕಲ್ ಸೀರೆಯ ಕೆಂಪು ಚಿಂದಿ ಕಟ್ಟಿತ್ತು. ಅವುಗಳ ತೆನೆಗಳೋ, ಮೈತುಂಬಿ ಬಾಗಿದ್ದವು. "ನೋಡ್ರಿ ನಮ್ಮತ್ತಿ ಮನಸ್ಸು! ಬಂದವ್ರಿಗಂತ ಚಲೋ ಚಲೋ ತೆನಿ ಆರಿಸಿ ಗುರುತು ಮಾಡ್ಯಾಳ" ಎಂದೆ, ಎದೆಯುಬ್ಬಿಸಿ. ಒಂದನ್ನೂ ಬಿಡದೆ ಕೊಯ್ದು, ಸುಟ್ಟು, ಅವಳು ಬರುವ ಹೊತ್ತಿಗೆ ಅರ್ಧ ಮುಗಿಸಿಯೂ ಬಿಟ್ಟಿದ್ದೆವು.

ಅತ್ತೆ ಬಂದವಳು ಬೋಳು ದಂಟುಗಳನ್ನು ನೋಡಿ ನಿಂತಳು.

"ತಮ್ಮಾ, ಚಿಂದಿ ಕಟ್ಟಿದ್ದು ಬೀಜಕ್ಕೋ! ಉಳದವೆಲ್ಲಾ ಅಂಗಡಿ ಜೋಳದ ಬೆರಕಿ ಆಗಿ ಸಪ್ಪನವು. ಹ್ವಾದ ವರ್ಷದ ಬೀಜಕ್ಕ ಹುಳ ಬಿದ್ದೈತಿ. ನಮ್ಮವ್ವನ ಜೋಳ ಮುಗೀತಲ್ಲೋ!"

ಅವಳ ಕಣ್ಣಲ್ಲಿ ನೀರು. ನನಗೆ ಬಾಯಲ್ಲಿದ್ದ ಕಾಳು ನುಂಗಲೂ ಆಗದು, ಉಗುಳಲೂ ಆಗದು. ಪಾರಿವಾಳದವರ ಆಯ್ಕೆಯನ್ನು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುವ ಮನುಷ್ಯ, ಕಣ್ಣೆದುರಿಗೆ ಚಿಂದಿ ಕಟ್ಟಿ ತೋರಿಸಿದರೂ ಗುರುತಿಸಲಿಲ್ಲವಲ್ಲ! ಅವಳು ಬರುವ ವರ್ಷಕ್ಕೆಂದು ಆರಿಸಿದ್ದಳು, ನಾನು ಹೊಟ್ಟೆಗೆಂದು ಆರಿಸಿದೆ. ಮಾಸ್ತರರು ಮೊಸರು ಮುಟ್ಟದೆ ಎದ್ದರು.

ಎರಡು ದಿನ ನಿದ್ದೆಯಿಲ್ಲ. ಮೂರನೆಯ ದಿನ ಅವಳದೇ ಫೋನು. "ರವಿವಾರ ಬಾ. ನೀರು ಹೊರೂದೈತಿ." ಹೋಗಿ ನೋಡಿದರೆ ಆ ಹನ್ನೆರಡು ದಂಟನ್ನು ಬುಡದ ಹತ್ತಿರ ಕೊಯ್ದು ಎತ್ತಿಗೆ ಹಾಕಿದ್ದಾಳೆ, ಮೋಟುಗಳನ್ನು ಹಾಗೇ ಬಿಟ್ಟಿದ್ದಾಳೆ. "ಬುಡ ಜೀವಂತ ಐತಿ, ನೀರು ಕಂಡ್ರ ಚಿಗೀತೈತಿ" ಎಂದಳು. ವಾರವೆಲ್ಲ ಅವಳು, ರವಿವಾರ ನಾನು, ಬಾವಿಯಿಂದ ಕೊಡ ಹೊತ್ತೆವು. ನನ್ನ ಸೊಂಟ ಹಿಡಿಯಿತು. ಹಿಡಿಯಲಿ, ತಿಂದದ್ದು ಕರಗಬೇಕಲ್ಲ. ಚಿಗುರೊಡೆಯಿತು, ಬೇಸಿಗೆಯ ಹೊತ್ತಿಗೆ ತೆನೆಯೂ ಬಂತು. ಆದರೆ ಎಂಥ ತೆನೆ? ಬೆರಳಿನಷ್ಟುದ್ದ, ಬಡಕಲು.

"ಅತ್ತಿ, ಇಂಥಾ ಬಡಕಲು ತೆನಿ ಬಿತ್ತಿದ್ರ ಬಡಕಲಾನ ಬೆಳೀತೈತಿ" ಎಂದೆ ನಿರಾಶೆಯಿಂದ.

"ನಿಮ್ಮ ಮಾವ ಗಾಡಿ ಮ್ಯಾಲಿಂದ ಬಿದ್ದು ಕಾಲು ಮುರ್ಕೊಂಡಿದ್ರು. ಆಮ್ಯಾಲ ಹುಟ್ಟಿದ ನನ್ನ ಮಗ ಕುಂಟ ಹುಟ್ಟ್ಯಾನೇನೋ?"

ಅಯ್ಯಯ್ಯೋ! ಜಿರಾಫೆಯ ಪಂಡಿತನನ್ನು ಅತ್ತೆ ಒಂದೇ ಏಟಿಗೆ ಮಲಗಿಸಿದಳು. ಮೈಗೆ ಬಂದದ್ದೆಲ್ಲ ಮರಿಗೆ ಬರುವುದಿಲ್ಲ ಎಂದು ತೋರಿಸಲು ವಿಜ್ಞಾನಿಗಳು ಇಲಿಗಳ ಬಾಲ ಕತ್ತರಿಸುತ್ತ ತಲೆಮಾರು ತಲೆಮಾರು ಕಾದರು. ಅದನ್ನು ಪ್ರತಿವರ್ಷ ಕಲಿಸುವ ನಾನು, ಹೊಲಕ್ಕೆ ಕಾಲಿಟ್ಟೊಡನೆ ಮರೆತಿದ್ದೆ.

ಆ ಬಡಕಲು ತೆನೆಯ ಬೀಜವನ್ನೇ ಮುಂದಿನ ಹಿಂಗಾರಿಗೆ ಬಿತ್ತಿದಳು. ಹೋದ ಚಳಿಗಾಲ ಹೋಗಿ ನೋಡಿದೆ: ತೆನೆಗಳು ಮೊದಲಿನಂತೆಯೇ ಮೈತುಂಬಿ ಬಾಗಿವೆ. ಸಂತೋಷಕ್ಕೆ ನಾಲ್ವತ್ತೇಳರ ಗಂಡಸು ಬದುವಿನ ಮೇಲೆ ಕೂತು ಕಣ್ಣೀರಿಟ್ಟ ಎಂದರೆ ನಗಬೇಡಿ. ಸುಗ್ಗಿ ಮುಗಿದ ಮೇಲೆ ಅತ್ತೆ ಒಂದು ಪುಟ್ಟ ಗಂಟು ತಂದು ನನ್ನ ಕೈಗಿಟ್ಟಳು. ಅಜ್ಜಿಯ ಜೋಳ, ಎರಡು ಸೇರಿನಷ್ಟು.

"ನನಗ್ಯಾಕ ಅತ್ತಿ? ನಾ ತಿಂದವ" ಎಂದೆ.

"ಅದಕ್ಕ ಕೊಡಾಕತ್ತೇನಿ. ಒಂದ ಮನ್ಯಾಗ ಇಟ್ರ, ಯಾವನಾರ ಮಾಸ್ತರ ಬಂದು ಮುಗಿಸಿ ಹೋಗ್ತಾನ."